ಪದಚರ್ಚೆ: ‘ಅಗ್ಗದ ಚಾಕು’ – ಹೀಗಳೆಯದ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಮಡಚುವ ಚಾಕುಗಳನ್ನು ಕೂಡಿಡುವ ಹವ್ಯಾಸದ ಬಗ್ಗೆ, ಅದರಲ್ಲೂ ಕಡಿಮೆ ಬೆಲೆಯವನ್ನೇ ಹುಡುಕಿ ಕೂಡಿಡುವವರ ಬಗ್ಗೆ, ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಕೆಲವು ಕಡೆ ಪದ ಸಿಗದೆ ನಿಂತಿದೆ. ಮುಖ್ಯ ತೊಡಕು ಇದು: ಬೆಲೆ ಕಡಿಮೆ ಎಂದಷ್ಟೇ ಹೇಳಬೇಕು, ವಸ್ತು ಕಳಪೆ ಎಂಬ ಧ್ವನಿ ಬರಬಾರದು. ಯಾವ ಪದ ಹಾಕೋಣ?

‘ಅಗ್ಗದ’ ಎಂದು ಬರೆದರೆ ಕೆಲಸ ಕೆಡುತ್ತದೆ. ‘ಅಗ್ಗವಾಗಿ ಸಿಕ್ಕಿತು’ ಎಂದರೆ ಕೊಂಡವರ ಜಾಣತನಕ್ಕೆ ಮೆಚ್ಚುಗೆ. ಅದೇ ಪದ ನಾಮಪದದ ಮುಂದೆ ಬಂದು ಕೂತ ಕೂಡಲೇ ಬೈಗುಳ: ಅಗ್ಗದ ಪ್ರಚಾರ, ಅಗ್ಗದ ಹಾಸ್ಯ, ಅಗ್ಗದ ಮಾತು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು ಎನ್ನುವ ಧಾಟಿಯ ಗಾದೆಗಳೂ ಇದಕ್ಕೆ ಬೆಂಬಲವಾಗಿ ನಿಂತಿವೆ. ‘ಸೋವಿ’ಗೆ ಇಷ್ಟು ಕೆಟ್ಟ ಹೆಸರಿಲ್ಲ, ಆದರೆ ಈಗಿನ ಹುಡುಗರು ಆ ಪದವನ್ನು ಓದಿ ಅರ್ಥಮಾಡಿಕೊಂಡಾರೇ ಹೊರತು ಆಡುವುದಿಲ್ಲ. ‘ಕೈಗೆಟಕುವ ಬೆಲೆಯ’ ಎನ್ನುವುದು ಸಭ್ಯವಾಗಿದೆ. ಆದರೆ ಶೀರ್ಷಿಕೆಯಲ್ಲಿ ‘ಬೆಲೆಯ’ ಬಿಟ್ಟುಹೋಗಿ ‘ಕೈಗೆಟಕುವ ಚಾಕುಗಳು’ ಎಂದಾಗುತ್ತದೆ. ಮಕ್ಕಳಿರುವ ಮನೆಯವರು ಗಾಬರಿಯಾಗುವುದು ಖಂಡಿತ.

ನನಗೆ ಸದ್ಯಕ್ಕೆ ಹಿಡಿಸಿರುವುದು ‘ಸುಲಭ ಬೆಲೆಯ’. ಪುಸ್ತಕ ಪ್ರಕಾಶಕರು ಬಳಸುತ್ತ ಬಂದ ಪದ. ‘ಸುಲಭ ಬೆಲೆಯ ಆವೃತ್ತಿ’ ಎಂದು ಮುಖಪುಟದ ಮೇಲೆ ಅಚ್ಚಾಗಿದ್ದರೆ ಒಳಗಿನ ಬರಹ ಕೀಳು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಪುಸ್ತಕದ ಆಚೆ, ಬೇರೆ ಸರಕಿಗೆ ಇದನ್ನು ಬಳಸಿರುವುದು ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಕಿವಿಗೆ ಹೇಗೆ ಕೇಳಿಸುತ್ತದೆ?

ಇಷ್ಟು ಜಗ್ಗಾಡುವುದಕ್ಕೆ ಕಾರಣವಿದೆ. ಈ ಹವ್ಯಾಸದಲ್ಲಿ ಕಡಿಮೆ ಬೆಲೆಗೂ ಕಳಪೆಗೂ ನಂಟೇ ಇಲ್ಲದ ಉದಾಹರಣೆಗಳಿವೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕುವನ್ನೇ ನೋಡಿ: ಒಂದು ಅಲಗು, ಮರದ ಹಿಡಿ, ಒಂದು ಮೊಳೆ, ಕತ್ತಿನಲ್ಲಿ ಒಂದು ಲೋಹದ ಪಟ್ಟಿ, ಅದರ ಮೇಲೆ ತಿರುಗುವ ಬಳೆ. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ಆ ಬಳೆ ಬಂದದ್ದು 1955ರಲ್ಲಿ. ಅಷ್ಟೇ ಭಾಗಗಳು. ಜಪಾನಿನ ಹಿಗೊನೊಕಾಮಿ ಇನ್ನೂ ಸರಳ: ಮಡಿಸಿದ ಲೋಹದ ತಗಡೇ ಹಿಡಿ, ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ, ಅಲಗಿನ ಬುಡದಿಂದ ಚಾಚಿದ ಸಣ್ಣ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕೆಲಸ ಮಾಡಬೇಕು. ಬೆಲೆ ಇಳಿದಿರುವುದು ಭಾಗಗಳು ಕಡಿಮೆ ಇರುವುದರಿಂದ, ಉಕ್ಕು ಕೀಳಾದ್ದರಿಂದ ಅಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಚಾಕುವಿನ ಉಕ್ಕು ತುಸು ಮೆತುವು ಎಂದು ದೂರುವವರಿದ್ದಾರೆ. ಆದರೆ ಮೆತುವಾದ್ದರಿಂದಲೇ ಅದು ಸಾಣೆಕಲ್ಲಿಗೆ ಬೇಗ ಬಗ್ಗುತ್ತದೆ. ದುಬಾರಿ ಪುಡಿಲೋಹದ ಉಕ್ಕು (ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ್ದು) ಹರಿತವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ ನಿಜ; ಒಮ್ಮೆ ಮೊಂಡಾಯಿತೋ, ಮಸೆಯುವವರ ತೋಳು ಸೋಲುತ್ತದೆ. ಒಬ್ಬರಿಗೆ ಉಳಿಯುವ ಹರಿತ ಬೇಕು, ಇನ್ನೊಬ್ಬರಿಗೆ ಬೇಗ ಬರುವ ಹರಿತ ಬೇಕು. ಇದರಲ್ಲಿ ಮೇಲು ಕೀಳು ಎಲ್ಲಿಂದ ಬಂತು?

ಎರಡನೆಯ ತೊಡಕು ಇದಕ್ಕೆ ಹತ್ತಿರದ್ದೇ. ಕಲೆರಹಿತ ಉಕ್ಕಲ್ಲದ, ಇಂಗಾಲ ಹೆಚ್ಚಿರುವ ಉಕ್ಕಿನ ಅಲಗಿನಲ್ಲಿ ಹುಳಿ ಹಣ್ಣು ಹೆಚ್ಚಿದರೆ ಬೂದು-ನೀಲಿ ಬಣ್ಣದ ಪದರ ಕಟ್ಟುತ್ತದೆ. ಅದು ಕೆಂಪು ತುಕ್ಕಲ್ಲ, ಬದಲಿಗೆ ಕೆಂಪು ತುಕ್ಕು ಹತ್ತುವುದನ್ನು ಅಷ್ಟಿಷ್ಟು ತಡೆಯುತ್ತದೆ. ಕೆಲವರು ಅದನ್ನು ಬೇಕೆಂದೇ ಬರಿಸಿಕೊಳ್ಳುತ್ತಾರೆ, ಕೆಲವರು ಕಂಡ ಕೂಡಲೇ ತಿಕ್ಕಿ ತೆಗೆಯುತ್ತಾರೆ. ‘ತುಕ್ಕು’ ಎಂದರೆ ತಪ್ಪು, ‘ಕಿಲುಬು’ ತಾಮ್ರ ಹಿತ್ತಾಳೆಯ ಮಾತು, ‘ಕಲೆ’ ಎಂದರೆ ತಿಕ್ಕುವವರ ಪಕ್ಷ ವಹಿಸಿದಂತೆ. ‘ಬಣ್ಣ ತಿರುಗಿದ ಅಲಗು’ ಎಂದು ತಾತ್ಕಾಲಿಕವಾಗಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ಕೊಡಿ.

ಇನ್ನು ‘ಅಭಿರುಚಿ’. ಸಂಗ್ರಾಹಕರ ನಡುವೆ ಮಾತು ಕಡಿದುಹೋಗುವುದು ಇಲ್ಲೇ. ‘ಇಷ್ಟೆಲ್ಲ ಕೊಳ್ಳುವ ಬದಲು ದುಡ್ಡು ಕೂಡಿಟ್ಟು ಒಂದು ಒಳ್ಳೆಯದು ತಗೋಬಾರದಿತ್ತೇ’ ಎಂದು ಒಬ್ಬರು. ‘ನಿಮ್ಮದು ಗಾಜಿನ ಪೆಟ್ಟಿಗೆಯ ಚಾಕು, ದಾರ ಕತ್ತರಿಸಲೂ ಹೆದರುತ್ತೀರಿ’ ಎಂದು ಇನ್ನೊಬ್ಬರು. ಎರಡೂ ಒಂದೇ ಬಗೆಯ ಒರಟುತನ ಎಂಬುದು ನನ್ನ ಅಭಿಪ್ರಾಯ. ಇದನ್ನು ಬರೆಯಹೊರಟಾಗ ‘ಅಭಿರುಚಿ’ ಕೈಕೊಡುತ್ತದೆ, ಏಕೆಂದರೆ ಅದರ ಬೆನ್ನಿಗೇ ಸದಭಿರುಚಿ, ಕೀಳಭಿರುಚಿ ಎಂಬ ದರ್ಜೆಗಳಿವೆ. ‘ಲೋಕೋ ಭಿನ್ನರುಚಿಃ’ ಎನ್ನೋಣವೆಂದರೆ, ಅದನ್ನು ನಾವು ಇನ್ನೊಬ್ಬರ ರುಚಿಯನ್ನು ಗೌರವಿಸಲು ಎಲ್ಲಿ ಹೇಳುತ್ತೇವೆ? ಭುಜ ಕುಣಿಸಿ ಮಾತು ಮುಗಿಸಲು ಹೇಳುತ್ತೇವೆ. ‘ಒಲವು’ ವಾಸಿ. ಕೀಳು ಒಲವು ಎಂದು ಯಾರೂ ಅನ್ನುವುದಿಲ್ಲ. ಆದರೆ ‘ಒಲವು ಭೇದ’ ಎಂದರೆ ಪ್ರೇಮಿಗಳ ಜಗಳದ ಹಾಗೆ ಕೇಳಿಸುತ್ತದಲ್ಲ!

‘ಚೂರಿ’ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೇನೆ, ಬೆನ್ನಿಗೆ ಹಾಕುವುದು ಅದನ್ನೇ. ಪತ್ರಿಕೆಗಳ ಇರಿತದ ಸುದ್ದಿ ‘ಚಾಕು’ವನ್ನೂ ಬಿಟ್ಟಿಲ್ಲವಾದರೂ, ಪೆನ್ಸಿಲ್ ಹೆರೆದ ನೆನಪು ಅದನ್ನು ಉಳಿಸಿದೆ. ‘ಕಿಸೆಗತ್ತಿ’ ಚೆಂದವಿದೆ, ಆದರೆ ಕತ್ತಿ ಎಂದರೆ ಯುದ್ಧದ್ದೇ ಎಂದುಕೊಳ್ಳುವ ಕಡೆ ನಗೆಪಾಟಲಾಗುತ್ತದೆ.

ಕೊನೆಯದಾಗಿ ಒಂದು ಚಿಕ್ಕ ಪ್ರಶ್ನೆ. ಹಿಡಿಯ ಬೆನ್ನಿನುದ್ದಕ್ಕೂ ಕೂತು, ಅಲಗಿನ ಬುಡವನ್ನು ಒತ್ತಿ, ತೆರೆದಾಗಲೂ ಮುಚ್ಚಿದಾಗಲೂ ‘ಟಕ್’ ಎಂದು ನಿಲ್ಲಿಸುವ ಉಕ್ಕಿನ ಪಟ್ಟಿಗೆ ಕುಲುಮೆಯವರು, ಸಾಣೆ ಹಿಡಿಯುವವರು ಆಡುವ ಮಾತು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ‘ಬೆನ್ನುಪಟ್ಟಿ’ ಎಂದು ನಾನೇ ಟಂಕಿಸಿಟ್ಟಿದ್ದೇನೆ. ಕಸುಬಿನವರ ಪದ ಸಿಕ್ಕರೆ ಇದನ್ನು ಹೊಡೆದುಹಾಕುತ್ತೇನೆ.