ಸಹಾಯ ಬೇಕು: ಬಾರ್ಕೂರಿನ ಹತ್ತಿರ ಸಿಕ್ಕ ಲೋಹದ ತುಣುಕುಗಳು ಯಾವುದರವು?

ಎಲ್ಲರಿಗೂ ನಮಸ್ಕಾರ. ಬಾರ್ಕೂರಿನ ಹತ್ತಿರ ನಮ್ಮ ಹಳೇ ಮನೆಯ ಜಾಗದಲ್ಲಿ ಹೂತುಹೋದ ಕಬ್ಬಿಣದ ಪೈಪ್ ಹುಡುಕಲು ಭಾವ ಮೆಟಲ್ ಡಿಟೆಕ್ಟರ್ ತಂದಿದ್ದರು. ಪೈಪಿನ ಪಕ್ಕದಲ್ಲೇ, ಒಡೆದ ಹಂಚುಗಳ ನಡುವೆ ನಾಲ್ಕು ಸಣ್ಣ ತುಣುಕು ಸಿಕ್ಕಿವೆ. ಹಿತ್ತಾಳೆಯೋ ಕಂಚೋ ಇರಬೇಕು.

ಮೂರು ಅರಳಿ ಎಲೆಯ ಆಕಾರದವು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು. ಹಿಂಬದಿಗೆ ಬೆಸೆದ ಚಿಕ್ಕ ಮೊಳೆಯ ತುದಿ ಮಡಚಿದೆ; ಚರ್ಮಕ್ಕೋ ತೆಳು ಹಲಗೆಗೋ ಹೊಡೆದದ್ದೆಂದು ನನ್ನ ಊಹೆ. ನಾಲ್ಕನೆಯದು ಪುಟ್ಟ ಗಿಳಿ. ರೆಕ್ಕೆಯ ಒಂದೊಂದು ಗರಿಯನ್ನೂ ಉಳಿಯಿಂದ ಕೊರೆದಿದ್ದಾರೆ, ಎಷ್ಟು ಚಂದ!

ಹಳೇ ಪೆಟ್ಟಿಗೆಯದ್ದೋ, ಕಂಬಳದ ಕೋಣದ ಅಲಂಕಾರದ್ದೋ, ದೈವದ ಒಡವೆಯದ್ದೋ? ಬಲ್ಲವರು ದಯವಿಟ್ಟು ಹೇಳಿ. ದೈವದ್ದಾದರೆ ಮನೆಯಲ್ಲಿಡಬಾರದು ಅಂತ ದೊಡ್ಡಮ್ಮನಿಗೆ ಚಿಂತೆ, ನನಗೂ.

ಅಮ್ಮ ಹುಣಸೆಹುಳಿ ಹಾಕಿ ಉಜ್ಜಲು ಹೊರಟಿದ್ದರು, ಬೇಡವೆಂದೆ. ಗಟ್ಟಿ ಹಸಿರು ಪದರ ಒಳಗಿನ ಲೋಹವನ್ನು ಕಾಯುತ್ತದೆ, ಉಜ್ಜಿದರೆ ಕೆತ್ತನೆಯೂ ಸವೆಯುತ್ತದೆ. ಆದರೆ ಒಂದು ಎಲೆಯಲ್ಲಿ ತಿಳಿಹಸಿರು ಪುಡಿ ಉದುರುತ್ತಿದೆ. ಉಪ್ಪಿನಂಶಕ್ಕೆ ತೇವ ಸೇರಿದರೆ ಲೋಹ ಹೀಗೆ ತಿಂದುಹೋಗುತ್ತದೆ, ನಮ್ಮ ಕರಾವಳಿಯಲ್ಲಂತೂ ತೇವಕ್ಕೆ ಬರವಿಲ್ಲ. ಸದ್ಯ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟಿದ್ದೇನೆ. ಇನ್ನೇನು ಮಾಡಬೇಕು?

ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ತಿಳಿಸುತ್ತೇವೆ, ಮಾರುವ ಮಾತೇ ಇಲ್ಲ. ಉಡುಪಿಯಲ್ಲಿ ಹೀಗೆ ಅರ್ಜಿ ಕೊಟ್ಟವರಿದ್ದರೆ, ಏನೇನು ಬರೆದಿರಿ, ಫೋಟೋ ಲಗತ್ತಿಸಿದಿರಾ ಎಂದು ತಿಳಿಸಿ.