ಧರೆ ಮೇಲಿನ ಕರ್ಣಕುಂಡಲ: ಫೋಟೊ ಮಬ್ಬಾಗುತ್ತಿದೆ, ಏನು ಮಾಡಲಿ?

ತೋಟದಮನೆ, ಹೊಸನಗರ ತಾಲ್ಲೂಕು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದಿನ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ತುಂಬ ಕರ್ಣಕುಂಡಲದ ಹೂವು ಅರಳಿದೆ. ಪುಷ್ಯ ಮಳೆ ಹಿಡಿದ ಮೇಲಂತೂ ಮಣ್ಣೇ ಕಾಣುವುದಿಲ್ಲ, ಬರೀ ಗುಲಾಬಿ ಬಣ್ಣ. ಬಚ್ಚಲೊಲೆಗೆ ಬೆಂಕಿ ಹಾಕಲು ಹೋದಾಗ ದಿನಾ ನೋಡುತ್ತೇನೆ. ಹೂವಿನ ಹಿಂದೆ ಸಪೂರ ಬಾಲ ಇರುತ್ತದಲ್ಲ, ಅದರ ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ. ಆ ಹನಿಯೊಳಗೆ ನಮ್ಮ ಅಡಿಕೆ ತೋಟ ತಲೆಕೆಳಗಾಗಿ ಕಾಣುತ್ತದೆ. ನನಗೆ ಬೇಕಾಗಿರುವುದು ಅದೊಂದೇ ಫೋಟೊ.

ಮೊಬೈಲ್ ಹತ್ತಿರ ಹಿಡಿದಷ್ಟೂ ಮಬ್ಬು. ಮಗ ಬೆಂಗಳೂರಿಗೆ ಹೋಗುವಾಗ ಇಲ್ಲೇ ಇಟ್ಟುಹೋದ ಕ್ಯಾಮೆರಾ ಇದೆ, 50 ಎಂಎಂ ಲೆನ್ಸ್. ಅದೂ ಹತ್ತಿರದ್ದನ್ನು ಹಿಡಿಯುವುದಿಲ್ಲ. ಇನ್ನೊಂದು ಲೆನ್ಸಿಗೆ ಹೋದ ಮಳೆಗಾಲ ಬೂಸ್ಟು ಬಂತು, ಗಾಜಿನೊಳಗೆ ಜೇಡರ ಬಲೆ ಕಟ್ಟಿದ ಹಾಗೆ. ಆಗುಂಬೆಗೆ ಹೋದರೆ ಬೇಕಾದಷ್ಟು ಸಿಗುತ್ತದೆ ಅಂತ ಮೈದುನ ಹೇಳುತ್ತಾನೆ. ನನಗೆ ನಮ್ಮ ಧರೆಯೇ ಸಾಕು. ತೀರಾ ಹತ್ತಿರದ್ದನ್ನು ತೆಗೆಯುವ ಮ್ಯಾಕ್ರೋ ಲೆನ್ಸ್ ತಗೊಳ್ಳಲೇಬೇಕಾ?

ಸಾಗರದವ
ಈಗಲೇ ಬೇಡ ಅಕ್ಕ. ಎಕ್ಸ್‌ಟೆನ್ಶನ್ ಟ್ಯೂಬ್ ಅಂತ ಬಳೆಯ ಹಾಗಿನದು ಸಿಗುತ್ತದೆ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವುದು. ಒಳಗೆ ಗಾಜಿಲ್ಲ, ಬರೀ ಟೊಳ್ಳು. ಲೆನ್ಸನ್ನು ಸ್ವಲ್ಪ ಮುಂದಕ್ಕೆ ದೂಡುತ್ತದೆ, ಅಷ್ಟಕ್ಕೇ ಹತ್ತಿರದ್ದು ಫೋಕಸ್ ಆಗುತ್ತದೆ. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಹೂವು ತನ್ನ ಅರ್ಧ ಗಾತ್ರಕ್ಕೆ ಮೂಡುತ್ತದೆ. ಒಳಗೆ ಲೋಹದ ಚುಕ್ಕಿಗಳಿರುವ ಟ್ಯೂಬೇ ತಗೊಳ್ಳಿ. ಅದಿಲ್ಲದಿದ್ದರೆ ಈಗಿನ ಲೆನ್ಸುಗಳಲ್ಲಿ ಎಫ್ ನಂಬರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿರಬೇಕು ಅನ್ನುವ ಅಂಕಿ) ಬದಲಿಸಲು ಆಗುವುದಿಲ್ಲ. ಎಫ್ 8 ಅಥವಾ 11 ಇಡಿ. ಫೋಕಸ್ ತಿರುಗಿಸುತ್ತಾ ಕೂರಬೇಡಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲಿ.

ಇನ್ನೊಂದು ಮಾತು. ನೀವು ಫೋಕಸ್ ಮಾಡಬೇಕಾದ್ದು ಹೂವಿಗಲ್ಲ, ಹನಿಯೊಳಗಿನ ತೋಟಕ್ಕೆ.

ತುಂಗಾ ದಂಡೆ, ತೀರ್ಥಹಳ್ಳಿ
ಮಳೆಗಾಲದಲ್ಲಿ ಕಷ್ಟ ಕೊಡುವುದು ಗಾಳಿ ಮತ್ತು ಮಂಕು ಬೆಳಕು. ನಾನು ಎರಡು ಒಣ ಅಡಿಕೆ ಹಾಳೆ ತಗೊಂಡು ಹೋಗುತ್ತೇನೆ. ಒಂದು ಮಂಡಿ ಕೆಳಗೆ, ಇನ್ನೊಂದು ಗಾಳಿ ಬರುವ ಕಡೆ ಅಡ್ಡ. ಸಿಹಿತಿಂಡಿ ಡಬ್ಬಿಯ ಬಿಳಿ ರಟ್ಟನ್ನು ಹೂವಿನ ಕೆಳಗೆ ಹಿಡಿದರೆ ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಳ್ಳಿ. ಹನಿ ನೋಡುತ್ತಾ ಕೂತರೆ ಉಂಬಳ (ಜಿಗಣೆ) ಹತ್ತಿದ್ದು ಗೊತ್ತಾಗುವುದಿಲ್ಲ.

ಟ್ಯೂಬ್ ಬಂದ ಮೇಲೆ ಕರಿಬೇವಿನ ಗಿಡವನ್ನೂ ನೋಡಿ. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಂಡರೆ ಒರೆಸಬೇಡಿ, ಅದು ಚಿಟ್ಟೆಯ ಹುಳ ಇರಬಹುದು. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆ ಹಿಂದಿನಿಂದ ಕೆಂಪು ಕೊಂಬು ಚಾಚುತ್ತದೆ, ಘಾಟು ವಾಸನೆ. ಆದರೆ ಫೋಟೊಗಾಗಿ ಸುಮ್ನೆ ಕೆಣಕಬೇಡಿ, ಪಾಪ.

ಕೊಪ್ಪ ಕಡೆಯವಳು
ಬೂಸ್ಟು ಬರುವುದು ಹೆಚ್ಚಾಗಿ ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟರೆ. ಬಟ್ಟೆ ತೇವ ಹೀರಿಕೊಂಡು ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ ಇಡಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿತು ಅಂತ. ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಗೆ ಬೇಡ. ಬೂಸ್ಟು ಹಿಡಿದ ಲೆನ್ಸನ್ನು ಬೇರೆಯೇ ಇಡಿ.

ತೋಟದಮನೆ, ಹೊಸನಗರ ತಾಲ್ಲೂಕು
ಟ್ಯೂಬ್ ಬಂತು. ನಿನ್ನೆ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಗಿತ್ತು. ಹಾಳೆ ಹಾಕಿಕೊಂಡು ಒಂದು ಗಂಟೆ ಕೂತೆ. ಅರವತ್ತು ತೆಗೆದದ್ದರಲ್ಲಿ ಒಂದು ಸರಿಯಾಗಿದೆ. ಹನಿಯೊಳಗೆ ಮೂರು ಅಡಿಕೆ ಮರ, ಅಂಚಿನಲ್ಲಿ ನಮ್ಮ ಹೆಂಚಿನ ಮಾಡು. ಎಲ್ಲರಿಗೂ ತುಂಬಾ ಉಪಕಾರವಾಯಿತು.

ಕರಿಬೇವಿನಲ್ಲಿ ಎರಡು ಹುಳ ಸಿಕ್ಕಿವೆ. ಒಂದು ಹಸಿರಾಗಿದೆ. ಒಗ್ಗರಣೆಗೆ ಈಗ ಪಕ್ಕದ ಮನೆಯಿಂದ ಸೊಪ್ಪು ತರುತ್ತಿದ್ದೇನೆ.