‘ಹೆಪ್ಪುಗಟ್ಟಿಸು’ ಸರಿಯೇ? ಸೂಕ್ಷ್ಮದರ್ಶಕಕ್ಕೆ ಸಂದ ನೊಬೆಲ್‌ಗಳ ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಪಿಯು ವಿದ್ಯಾರ್ಥಿಗಳಿಗೆಂದು ಸಿದ್ಧವಾಗುತ್ತಿರುವ ಕಿರುಹೊತ್ತಗೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಸಂಬಂಧಿಸಿದ 1953, 1986, 2014 ಮತ್ತು 2017ರ ನೊಬೆಲ್ ಬಹುಮಾನಗಳ ಪಟ್ಟಿ ಇದೆ. ಬಹುಮಾನ ಯಾವುದಕ್ಕೆ ಎಂದು ಅದನ್ನು ಕೊಡುವ ಸ್ವೀಡನ್ನಿನ ಅಕಾಡೆಮಿಯವರು ಹೇಳುವ ಆ ಒಂದು ಸಾಲನ್ನು ಕನ್ನಡಕ್ಕೆ ತರಬೇಕು. ಅಂಥ ಸಾಲಿಗೇ ಕನ್ನಡದಲ್ಲಿ ಹೆಸರೇನು ಎಂಬುದೂ ಗೊತ್ತಾಗಬೇಕು; ‘ಉಲ್ಲೇಖ’ ಎಂದರೆ ಸರ್ಕಾರಿ ಪತ್ರದ ನೆನಪಾಗುತ್ತದೆ. 2017ರದ್ದು ಕರಡಿನಲ್ಲಿ ಹೀಗಿದೆ: ‘ಜೈವಿಕ ಅಣುಗಳನ್ನು ಹೆಪ್ಪುಗಟ್ಟಿಸಿ ನೋಡುವ ಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಂಡುಹಿಡಿದದ್ದಕ್ಕಾಗಿ’. ತಿಳಿದವರು ತಿದ್ದಿಕೊಡಿ.

* * *

ಸರ್, ಆ ಸಾಲಿನಲ್ಲಿ ‘ಎಲೆಕ್ಟ್ರಾನ್’ ಮತ್ತು ‘ಜೈವಿಕ ಅಣು’ ಬಿಟ್ಟರೆ ಉಳಿದದ್ದೆಲ್ಲ ತಕರಾರಿನದೇ. ದೊಡ್ಡ ತಪ್ಪು ‘ಹೆಪ್ಪುಗಟ್ಟಿಸಿ’. ಅಲ್ಲಿ ನಡೆಯುವ ಕೆಲಸ ನೋಡಿದರೆ ಯಾಕೆ ತಪ್ಪು ಎಂದು ಗೊತ್ತಾಗುತ್ತದೆ.

3 ಮಿಲಿಮೀಟರ್ ಅಗಲದ ಲೋಹದ ಜಾಲರಿ, ಅದರ ಮೇಲೆ ಸಣ್ಣ ತೂತುಗಳಿರುವ ಇಂಗಾಲದ ತೆಳುಪೊರೆ. ಅದಕ್ಕೆ 3 ಮೈಕ್ರೋಲೀಟರ್‌ನಷ್ಟು ಪ್ರೋಟೀನ್ ದ್ರಾವಣ ಹಾಕಿ, ಕೆಲವು ಸೆಕೆಂಡು ಸೋಸುಕಾಗದ ಒತ್ತಿ ಹೆಚ್ಚಿನ ನೀರನ್ನು ಹೀರಿಸುತ್ತಾರೆ. ತೂತುಗಳಲ್ಲಿ ಉಳಿಯುವ ನೀರಿನ ಪದರ 100 ನ್ಯಾನೋಮೀಟರ್‌ಗಿಂತ ದಪ್ಪ ಇರಬಾರದು, ಇದ್ದರೆ ಚಿತ್ರ ಮಸುಕು. ಒಡನೆಯೇ ಜಾಲರಿಯನ್ನು ಸುಮಾರು ಮೈನಸ್ 180 ಡಿಗ್ರಿಯ ದ್ರವ ಈಥೇನ್‌ಗೆ ಮುಳುಗಿಸುತ್ತಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಇನ್ನೂ ತಣ್ಣಗಿದೆಯಲ್ಲ, ಅದಕ್ಕೇ ನೇರವಾಗಿ ಮುಳುಗಿಸಬಹುದಲ್ಲ ಎನಿಸಬಹುದು. ಆದರೆ ಅದು ಕುದಿಯುವ ಬಿಂದುವಿನಲ್ಲೇ ಇರುತ್ತದೆ. ಜಾಲರಿ ತಾಗಿದ ಕೂಡಲೇ ಕುದಿದು ಸುತ್ತ ಅನಿಲದ ಹೊದಿಕೆ ಏಳುತ್ತದೆ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಆರದೆ ಕುಣಿದಾಡುವುದೂ ಇದೇ ಕಾರಣಕ್ಕೆ. ಆ ಹೊದಿಕೆ ಶಾಖ ಹೊರಹೋಗಲು ಬಿಡುವುದಿಲ್ಲ. ತಣಿಯುವುದು ನಿಧಾನವಾದರೆ ನೀರು ಹರಳುಗಟ್ಟುತ್ತದೆ, ಹರಳು ಪ್ರೋಟೀನನ್ನು ಪಕ್ಕಕ್ಕೆ ತಳ್ಳಿ ಹಾಳುಮಾಡುತ್ತದೆ, ಎಲೆಕ್ಟ್ರಾನುಗಳನ್ನು ಬೇಡದ ಕಡೆಗೆ ಚದುರಿಸುತ್ತದೆ. ಈಥೇನ್ ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ನೀರಿನ ಅಣುಗಳಿಗೆ ಸಾಲುಗೂಡಲು ಪುರಸೊತ್ತೇ ಸಿಗದೆ, ದ್ರವದಲ್ಲಿ ಇದ್ದಂತೆಯೇ ಅಡ್ಡಾದಿಡ್ಡಿಯಾಗಿ ನಿಂತುಬಿಡುತ್ತವೆ. ಇದು ಗಾಜಿನ ಸ್ಥಿತಿ. ಮುಂದೆ ಜಾಲರಿ ಸುಮಾರು ಮೈನಸ್ 135 ಡಿಗ್ರಿಗಿಂತ ಬೆಚ್ಚಗಾದರೂ ಹರಳು ಶುರು, ಮಾದರಿ ಕಸದಬುಟ್ಟಿಗೆ.

ಹೆಪ್ಪು ಎಂಬುದು ಹಾಲಿಗೆ ಹಾಕುವ ಮಜ್ಜಿಗೆ. ರಾತ್ರಿಯೆಲ್ಲ ಇಟ್ಟು ನಿಧಾನವಾಗಿ ಗಟ್ಟಿಯಾಗುವುದಕ್ಕೆ ಆ ಮಾತು ಚೆಂದ. ನೀರು ಮಂಜುಗಡ್ಡೆಯಾಗುವುದಕ್ಕೂ ಪಠ್ಯಪುಸ್ತಕದಲ್ಲಿ ಅದೇ ಇದೆ, ಅಂದರೆ ಹರಳಾಗುವುದಕ್ಕೆ. ಜಾಕ್ ದುಬೋಶೆ 2017ರಲ್ಲಿ ಬಹುಮಾನ ಪಡೆದದ್ದು ಹರಳಾಗದಂತೆ ತಡೆದದ್ದಕ್ಕೆ! ಹರಳುಗಟ್ಟು, ಹೆಪ್ಪುಗಟ್ಟು, ಕೆನೆಗಟ್ಟು ಇರುವಾಗ ಅದೇ ಅಚ್ಚಿನಲ್ಲಿ ‘ಗಾಜುಗಟ್ಟಿಸು’ ಎನ್ನಲು ಅಡ್ಡಿಯೇನು? ಓದಿದವರಿಗೆ ವಿವರಣೆಯೇ ಬೇಡ. ‘ಸ್ಫಟಿಕದಂಥ ಮಂಜುಗಡ್ಡೆ’ ಎಂದು ಮಾತ್ರ ಬರೆಯಬೇಡಿ. ಆಡುಮಾತಿನಲ್ಲಿ ಸ್ಫಟಿಕ ಎಂದರೆ ತಿಳಿಯಾದದ್ದು, ವಿಜ್ಞಾನದಲ್ಲಿ ಹರಳು. ಎರಡೂ ಬೆರೆತು ಅರ್ಥ ತಲೆಕೆಳಗಾಗುತ್ತದೆ.

‘ಶೀತ’ವೂ ಬೇಡ. ಅದು ನೆಗಡಿ. ‘ಹಿಮ’ ಎಂದರೆ ಮತ್ತೆ ಹರಳೇ. ಇಂಗ್ಲಿಷಿನ ಕ್ರಯೋ (ಕಡುತಂಪು) ಎಂದೇ ಇಡಿ, ಎಲೆಕ್ಟ್ರಾನ್ ಜೊತೆಗೆ ಅದೂ ಇರಲಿ.

‘ಕಂಡುಹಿಡಿ’ ಇನ್ನೊಂದು ತೊಡಕು. ಕನ್ನಡದಲ್ಲಿ ಇದ್ದದ್ದನ್ನು ಕಾಣುವುದಕ್ಕೂ ಇಲ್ಲದ್ದನ್ನು ಮಾಡುವುದಕ್ಕೂ ಅದೊಂದೇ ಕ್ರಿಯಾಪದ. ಅಕಾಡೆಮಿಯವರು ಪದ ಅಳೆದು ಬಳಸುತ್ತಾರೆ. 1986ರಲ್ಲಿ ಅರ್ನ್ಸ್ಟ್ ರುಸ್ಕಾಗೆ ಕೊಟ್ಟದ್ದು ಎಲೆಕ್ಟ್ರಾನ್ ದೃಗ್ವಿಜ್ಞಾನದ ಮೂಲಭೂತ ಕೆಲಸಕ್ಕೆ ಮತ್ತು ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ವಿನ್ಯಾಸಕ್ಕೆ. 2017ರದ್ದು ‘ಅಭಿವೃದ್ಧಿಪಡಿಸಿದ್ದಕ್ಕೆ’: ದುಬೋಶೆ ನೀರನ್ನು ಗಾಜುಗಟ್ಟಿಸಿದರು, ಯೋಆಖಿಮ್ ಫ್ರಾಂಕ್ ಸಾವಿರಾರು ಮಸುಕು ಚಿತ್ರಗಳನ್ನು ಒಟ್ಟುಗೂಡಿಸಿ ಮೂರು ಆಯಾಮದ ರಚನೆ ಪಡೆಯುವ ಲೆಕ್ಕ ಕೊಟ್ಟರು, ರಿಚರ್ಡ್ ಹೆಂಡರ್ಸನ್ 1990ರಲ್ಲಿ ಒಂದು ಪ್ರೋಟೀನಿನ ಪರಮಾಣು ಮಟ್ಟದ ರಚನೆ ತೋರಿಸಿದರು. ಯಾರೂ ಒಂದು ಯಂತ್ರವನ್ನು ‘ಕಂಡುಹಿಡಿದ’ದ್ದಲ್ಲ.

ಯಂತ್ರ ಬೇರೆ, ವಿಧಾನ ಬೇರೆ ಎನ್ನುವುದಕ್ಕೆ 1953ರ ಸಾಲೇ ಸಾಕ್ಷಿ. ಫ್ರಿಟ್ಸ್ ಜರ್ನಿಕೆಗೆ ‘ಫೇಸ್ ಕಾಂಟ್ರಾಸ್ಟ್’ ವಿಧಾನವನ್ನು ತೋರಿಸಿಕೊಟ್ಟದ್ದಕ್ಕೆ, ವಿಶೇಷವಾಗಿ ಆ ಸೂಕ್ಷ್ಮದರ್ಶಕವನ್ನು ಆವಿಷ್ಕರಿಸಿದ್ದಕ್ಕೆ ಎಂದು ಎರಡನ್ನೂ ಹೇಳಿದ್ದಾರೆ. ಯಂತ್ರಕ್ಕೆ ಸೂಕ್ಷ್ಮದರ್ಶಕ, ವಿಧಾನಕ್ಕೆ ಸೂಕ್ಷ್ಮದರ್ಶನ ಇಟ್ಟುಕೊಳ್ಳಿ. ಅಲ್ಲೇ ಇನ್ನೊಂದು ಎಚ್ಚರಿಕೆ: ‘ಹಂತ ವ್ಯತ್ಯಾಸ ಸೂಕ್ಷ್ಮದರ್ಶಕ’ ಎಂದರೆ ಮೊದಲ ಹಂತ, ಎರಡನೇ ಹಂತ ಎಂದಂತೆ. ಇಲ್ಲಿರುವುದು ಅಲೆಯ ಪ್ರಾವಸ್ಥೆ, ಅಂದರೆ ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು. ಬಣ್ಣವಿಲ್ಲದ ಜೀವಂತ ಕೋಶದ ಮೂಲಕ ಬಂದ ಬೆಳಕು ತುಸು ಹಿಂದೆ ಬೀಳುತ್ತದೆ. ಕಣ್ಣಿಗೆ ಅದು ಗೊತ್ತಾಗದು. ಆ ಹಿಂದುಳಿತವನ್ನು ಕಪ್ಪುಬಿಳುಪಿನ ವ್ಯತ್ಯಾಸವಾಗಿ ಬದಲಿಸುವುದೇ ಉಪಾಯ, ಹಾಗಾಗಿ ‘ಪ್ರಾವಸ್ಥಾ ವೈದೃಶ್ಯ’.

* * *

ಮೇಡಂ ಹೇಳಿದ ‘ಗಾಜುಗಟ್ಟಿಸು’ ನನಗೆ ಪೂರ್ತಿ ಒಪ್ಪಿಗೆ. ‘ಸೂಕ್ಷ್ಮದರ್ಶನ’ದಲ್ಲಿ ಸ್ವಲ್ಪ ದೇವಸ್ಥಾನದ ಸಾಲು ಕಾಣುತ್ತದೆ, ಮೊದಲ ಸಲ ಬರುವಲ್ಲಿ ‘ಸೂಕ್ಷ್ಮದರ್ಶನ ತಂತ್ರ’ ಎಂದರೆ ಓದುಗ ಎಡವುವುದಿಲ್ಲ. ಅಷ್ಟಕ್ಕೂ 1986ರಲ್ಲಿ ಬಿನ್ನಿಗ್ ಮತ್ತು ರೋರರ್ ಅವರಿಗೆ ಬಹುಮಾನ ತಂದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ ದರ್ಶನವೂ ಇಲ್ಲ, ಮಸೂರವೂ ಇಲ್ಲ. ಸೂಜಿಮೊನೆ ಮೇಲ್ಮೈಯನ್ನು ಮುಟ್ಟದೆ ತಡವುತ್ತದೆ. ಅಂತರ 0.1 ನ್ಯಾನೋಮೀಟರ್ ಹೆಚ್ಚಿದರೆ ವಿದ್ಯುತ್ ಹರಿವು ಸುಮಾರು ಹತ್ತನೇ ಒಂದಕ್ಕಿಳಿಯುತ್ತದೆ, ಆ ಏರಿಳಿತವೇ ಚಿತ್ರ. ಆದರೂ ಹೆಸರು ರೂಢಿಯಾಗಿದೆ, ಬಿಡಿ.

2014ರ ಸಾಲಿನ ‘ಸೂಪರ್-ರಿಸಾಲ್ವ್ಡ್’ ಪದಕ್ಕೆ ‘ಮಿತಿಮೀರಿದ’ ಎಂದು ಯಾರಾದರೂ ಬರೆಯುವ ಮುನ್ನ ಹೇಳಿಬಿಡುತ್ತೇನೆ: ಕನ್ನಡದಲ್ಲಿ ಮಿತಿಮೀರುವುದು ಪುಂಡರ ಕೆಲಸ. ಮಿತಿ ಎಂದರೆ ಇಲ್ಲಿ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲಿ ಹೇಳಿದ್ದು, ಎರಡು ಚುಕ್ಕೆ ಬೇರೆಯಾಗಿ ಕಾಣಲು ಬೇಕಾದ ಕನಿಷ್ಠ ಅಂತರ: ಬೆಳಕಿನ ಅಲೆಯುದ್ದದ ಸುಮಾರು ಅರ್ಧ, ಅಂದಾಜು 0.2 ಮೈಕ್ರೋಮೀಟರ್. 2014ರ ವಿಜೇತರಲ್ಲೊಬ್ಬರಾದ ಸ್ಟೆಫಾನ್ ಹೆಲ್ ಅದನ್ನು ಸುಳ್ಳು ಮಾಡಲಿಲ್ಲ, ಬಳಸಿಕೊಂಡು ದಾಟಿದರು: ಒಂದು ಕಿರಣ ಅಣುಗಳನ್ನು ಉದ್ದೀಪಿಸುತ್ತದೆ, ಉದ್ದಿನವಡೆಯಂತೆ ನಡುವೆ ತೂತಿರುವ ಎರಡನೇ ಕಿರಣ ಅಂಚಿನವನ್ನೆಲ್ಲ ಆರಿಸುತ್ತದೆ, ತೂತಿನೊಳಗಿನವು ಮಾತ್ರ ಹೊಳೆಯುತ್ತವೆ. ‘ಅತಿ-ಪೃಥಕ್ಕರಣದ ಪ್ರತಿದೀಪ್ತಿ ಸೂಕ್ಷ್ಮದರ್ಶನ’ ಸಾಕು; ಬೆಳಕು ಬಿದ್ದ ಅಣು ತಾನೂ ಹೊಳೆಯುವುದೇ ಪ್ರತಿದೀಪ್ತಿ. ‘ಹೆಚ್ಚು ವರ್ಧನೆ’ ಎನ್ನಬಾರದು. ದೊಡ್ಡದು ಮಾಡುವುದು ವರ್ಧನೆ. ಒತ್ತಾಗಿರುವ ಎರಡು ಚುಕ್ಕೆ ಎರಡಾಗಿಯೇ ಕಾಣುವುದು ಪೃಥಕ್ಕರಣ. ಮಸುಕನ್ನು ಎಷ್ಟು ಹಿಗ್ಗಿಸಿದರೂ ದೊಡ್ಡ ಮಸುಕೇ.

ಪಟ್ಟಿಯಲ್ಲಿ 1986ಕ್ಕೆ ‘ಮೂವರು ಹಂಚಿಕೊಂಡರು’ ಎಂದಷ್ಟೇ ಇದ್ದರೆ ತಿದ್ದಿ. ಅರ್ಧ ರುಸ್ಕಾ ಅವರದು, ಉಳಿದಿಬ್ಬರಿಗೆ ಕಾಲು ಕಾಲು. 2014 ಮತ್ತು 2017ರಲ್ಲಿ ಮಾತ್ರ ಮೂರು ಸಮಪಾಲು.

ಇನ್ನು ಆ ಸಾಲಿನ ಹೆಸರು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆಸಿದ ಶಾಸನಕ್ಕೆ ಪ್ರಶಸ್ತಿ ಎಂದೇ ಹೆಸರು. ಹೊಗಳಿಕೆಯ ಬರಹವೇ ಪ್ರಶಸ್ತಿ, ಕೊಡುವ ಹಣ, ಪದಕ ಅಲ್ಲ. ಈಗ ಅರ್ಥ ಜಾರಿ ವಸ್ತುವಿಗೇ ಅಂಟಿದೆ, ಹಿಂದಕ್ಕೆ ಎಳೆಯಲಾಗದು. ‘ಪ್ರಶಸ್ತಿವಾಕ್ಯ’ ಎಂದರೆ ಹಳೆಯದೂ ಹೊಸದೂ ಎರಡೂ ಉಳಿಯುತ್ತವೆ. ‘ಬಿನ್ನವತ್ತಳೆ’ ಬೇಡ, ಅದು ಶಾಲು ಹೊದಿಸುವಾಗ ಓದುವ ಉದ್ದದ ಪತ್ರ.

2017ರದ್ದು ಹೀಗಿರಲಿ: ‘ದ್ರಾವಣದಲ್ಲಿರುವ ಜೈವಿಕ ಅಣುಗಳ ರಚನೆಯನ್ನು ಹೆಚ್ಚಿನ ಪೃಥಕ್ಕರಣದಲ್ಲಿ ನಿರ್ಧರಿಸಲು ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶನವನ್ನು ಅಭಿವೃದ್ಧಿಪಡಿಸಿದ್ದಕ್ಕಾಗಿ.’ ‘ದ್ರಾವಣದಲ್ಲಿರುವ’ ಎಂಬುದು ಅಣುಗಳಿಗೇ ಅಂಟಿರಬೇಕು. ಸಾಲಿನ ಕೊನೆಗೆ ಜಾರಿಸಿದರೆ ಸೂಕ್ಷ್ಮದರ್ಶಕವೇ ದ್ರಾವಣದಲ್ಲಿ ಮುಳುಗುತ್ತದೆ.